ಕಾರಿಗೆ 15 ವರ್ಷ ತುಂಬಿದರೆ ಗುಜರಿಗೆ ಅಂತ ನಿಮಗೆ ಹೇಳಿದ್ದು ಯಾರು?

ನಮ್ಮ ಕಡೆಯ ಹಳ್ಳಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸುಳ್ಳು ಬಹಳ ದಿನದಿಂದ ಓಡಾಡುತ್ತಿದೆ. 15 ವರ್ಷ ಆದ ಕಾರನ್ನು ಸರ್ಕಾರ ಹಿಡಿದು ಗುಜರಿಗೆ ಹಾಕುತ್ತಂತೆ, ಅಷ್ಟರೊಳಗೆ ಮಾರಿಕೊಂಡವನೇ ಜಾಣನಂತೆ. ಇದನ್ನು ನಂಬಿ ಚೆನ್ನಾಗಿ ಓಡುತ್ತಿದ್ದ ಆಲ್ಟೊವನ್ನೋ ಓಮ್ನಿಯನ್ನೋ ಕೇಳಿದ ಬೆಲೆಗೆ ಕೊಟ್ಟು, ಏಳು ವರ್ಷದ ಸಾಲ ತಲೆ ಮೇಲೆ ಹೊತ್ತುಕೊಂಡು ಬಂದವರು ನಮ್ಮ ಸುತ್ತಲೇ ಇದ್ದಾರೆ. ನಿಮ್ಮೂರಲ್ಲೂ ಇರುತ್ತಾರೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ. ನಿಮ್ಮ ಸ್ವಂತ ಓಡಾಟದ ಕಾರಿನ ಆರ್‌ಸಿ 15 ವರ್ಷಕ್ಕೆ ಇರುತ್ತದೆ. ಅದು ಮುಗಿದರೆ ಕಾರಿನ ಆಯಸ್ಸು ಮುಗಿಯಿತು ಅಂತಲ್ಲ. ಗಾಡಿಯನ್ನು ಆರ್‌ಟಿಒಗೆ ತೆಗೆದುಕೊಂಡು ಹೋಗಿ, ಇನ್‌ಸ್ಪೆಕ್ಟರಿಗೆ ತೋರಿಸಿ, ಶುಲ್ಕ ಕಟ್ಟಿದರೆ ಇನ್ನೂ 5 ವರ್ಷಕ್ಕೆ ನವೀಕರಣ ಆಗುತ್ತದೆ. ಗಾಡಿ ಚೆನ್ನಾಗಿದ್ದರೆ ಆಮೇಲೆ ಮತ್ತೆ 5 ವರ್ಷ. ಊರ ಕಡೆ ನಾವೆಲ್ಲ ಇದನ್ನೇ 'ಎಫ್‌ಸಿ ಮಾಡಿಸೋದು' ಅನ್ನುವುದು.

ಹಾಗಾದರೆ ಆ ಸುಳ್ಳು ಹುಟ್ಟಿದ್ದೆಲ್ಲಿ? ಮೂರು ಬೇರೆ ಬೇರೆ ಸುದ್ದಿಯನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಓಡಬಾರದು ಅಂತ ಕಟ್ಟುನಿಟ್ಟು ಮಾಡಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ, ಅಲ್ಲಿನ ಹೊಗೆಯ ಕಾರಣಕ್ಕೆ. ಅದರ ಮೇಲೂ ಕೋರ್ಟಿನಲ್ಲಿ ಜಗ್ಗಾಟ ನಡೆದಿದೆ. ಎರಡನೆಯದು, 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಇಲ್ಲ ಅನ್ನುವ ನಿಯಮ. ಅದು ಇಲಾಖೆಯ ಜೀಪಿಗೆ, ನಿಮ್ಮ ಮನೆ ಮುಂದಿನ ಕಾರಿಗಲ್ಲ. ಮೂರನೆಯದು 2021ರಲ್ಲಿ ಬಂದ ಕೇಂದ್ರದ ಗುಜರಿ ನೀತಿ. ಅದರ ಹೆಸರಲ್ಲೇ 'ಸ್ವಯಂಪ್ರೇರಿತ' ಅನ್ನುವ ಮಾತಿದೆ. ಇಷ್ಟನ್ನು ಹಿಡಿದುಕೊಂಡು ನಮ್ಮ ರೈತನ ಹತ್ತಿರ ಬಂದು 'ಅಣ್ಣಾ, ನಿನ್ ಕಾರಿಗೆ ಬೆಲೆ ಇರೋದು ಈ ವರ್ಷ ಮಾತ್ರ' ಅನ್ನುವವನು ಯಾರ ಕಡೆಯವನು ಅಂತ ಯೋಚಿಸಿ.

ಎಕ್ಸ್‌ಚೇಂಜ್ ಮೇಳ ಹೇಗೆ ನಡೆಯುತ್ತದೆ ಅಂತ ನಾವು ಸಂತೆ ಮೈದಾನಗಳಲ್ಲಿ ನಿಂತು ನೋಡಿದ್ದೇವೆ. ಶಾಮಿಯಾನ, ಬಲೂನು, ಮೈಕು. ಮೊದಲು ನಿಮ್ಮ ಹಳೇ ಕಾರಿನ ಬಾಗಿಲು ತಟ್ಟಿ ನೋಡಿ ಮುಖ ಸಿಂಡರಿಸುತ್ತಾರೆ. ಆಮೇಲೆ 'ನಿಮಗೋಸ್ಕರ' ಅಂತ ಹತ್ತು ಸಾವಿರ ಜಾಸ್ತಿ ಹಾಕುತ್ತಾರೆ. ಮಾತಾಡುವುದೆಲ್ಲ ತಿಂಗಳ ಕಂತಿನಲ್ಲಿ, ಒಟ್ಟು ದುಡ್ಡಿನಲ್ಲಿ ಮಾತೇ ಇಲ್ಲ. 'ತಿಂಗಳಿಗೆ ಎಂಟು ಸಾವಿರ ಅಷ್ಟೇ ಯಜಮಾನ್ರೇ.' ಆ 'ಅಷ್ಟೇ' ಅನ್ನುವ ಪದವನ್ನು ಬಿಡಿಸಿ ನೋಡೋಣ.

ಶೋರೂಮ್ ಬೆಲೆ 6 ಲಕ್ಷದ ಸಣ್ಣ ಕಾರು ಅಂತ ಹಿಡಿಯಿರಿ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ನೂರಕ್ಕೆ 14. ಅಂದರೆ 84 ಸಾವಿರ, ಅದರ ಮೇಲೆ ಸೆಸ್. ವಿಮೆ ಸೇರಿದರೆ ಆನ್‌ರೋಡ್ 7 ಲಕ್ಷ ದಾಟುತ್ತದೆ. ಹಳೇ ಕಾರಿಗೆ 60 ಸಾವಿರ ಬಂತು, ಕೈಯಿಂದ ಒಂದೂವರೆ ಲಕ್ಷದ ಮೇಲೆ ಹಾಕಿದಿರಿ, ಉಳಿದ 5 ಲಕ್ಷ ಸಾಲ. ಬಡ್ಡಿ ಒಂಬತ್ತೂವರೆ, 7 ವರ್ಷ. ಕಂತು ತಿಂಗಳಿಗೆ ಸುಮಾರು 8,170 ರೂಪಾಯಿ. 84 ಕಂತು ಮುಗಿಯುವಾಗ ಬ್ಯಾಂಕಿಗೆ ಹೋಗಿರುವುದು 6 ಲಕ್ಷ 86 ಸಾವಿರ. ಬಡ್ಡಿಯೊಂದೇ 1 ಲಕ್ಷ 86 ಸಾವಿರ.

ಇದನ್ನು ಹಾಲಿನ ಲೆಕ್ಕಕ್ಕೆ ತನ್ನಿ. ಡೇರಿಯಲ್ಲಿ ಲೀಟರಿಗೆ 35 ರೂಪಾಯಿ ಸಿಗುತ್ತದೆ ಅಂತ ಹಿಡಿದರೆ, ಆ ಕಂತಿಗೆ ತಿಂಗಳಿಗೆ 233 ಲೀಟರ್ ಹಾಲು ಬೇಕು. ದಿನಕ್ಕೆ ಹೆಚ್ಚುಕಮ್ಮಿ 8 ಲೀಟರ್. ಹಿಂಡಿ, ಬೂಸಾ, ಡಾಕ್ಟರ ಖರ್ಚು ಬೇರೆ. ಅಂದರೆ ನಿಮ್ಮ ಕೊಟ್ಟಿಗೆಯಲ್ಲಿ ಒಂದು ಹಸು ಏಳು ವರ್ಷ ಬ್ಯಾಂಕಿಗೋಸ್ಕರವೇ ಹಾಲು ಕರೆಯಬೇಕು, ಅದು ಬತ್ತಿದ ತಿಂಗಳಲ್ಲೂ ಕರೆಯಬೇಕು. ಕಂತಿಗೆ ಹಸು ಗಬ್ಬ ಆಗಿದೆ, ಮಳೆ ಬಂದಿಲ್ಲ, ಶುಂಠಿ ಕೊಳೆತಿದೆ ಅನ್ನುವುದೆಲ್ಲ ಕೇಳಿಸುವುದಿಲ್ಲ. ಸಂಬಳದವರಿಗೆ ಮಾಡಿದ ಸಾಲ ಅದು. ತಿಂಗಳ ಮೊದಲ ವಾರ ದುಡ್ಡು ಬರುವವರ ಲೆಕ್ಕವನ್ನು, ಫಸಲು ಬಂದಾಗ ಮಾತ್ರ ದುಡ್ಡು ನೋಡುವವರ ಮನೆಗೆ ತಂದಿಟ್ಟಿದ್ದಾರೆ. ಕಂತು ತಪ್ಪಿದ ಮನೆಗಳಲ್ಲಿ ಮೊದಲು ಅಡವಿಗೆ ಹೋಗುವುದು ಹೆಂಗಸರ ಒಡವೆ. ಕಾರು ಬೇಕೋ ಬೇಡವೋ ಅಂತ ಅವರನ್ನು ಯಾರೂ ಕೇಳಿರುವುದಿಲ್ಲ ಅನ್ನುವುದೂ ನಿಜ.

'ಹಳೇದು ಪೆಟ್ರೋಲ್ ಕುಡಿಯುತ್ತೆ, ಹೊಸದು ಉಳಿಸುತ್ತೆ' ಅನ್ನುತ್ತಾರೆ. ಉಳಿಸುತ್ತದೆ, ಎಷ್ಟು? ಹಳ್ಳಿಯ ಕಾರು ಓಡುವುದೇ ಕಡಿಮೆ. ಆಸ್ಪತ್ರೆ, ಮದುವೆ, ತಿಥಿ, ವರ್ಷಕ್ಕೊಮ್ಮೆ ಧರ್ಮಸ್ಥಳವೋ ಮಾದಪ್ಪನ ಬೆಟ್ಟವೋ, ನಡುವೆ ಒಂದೆರಡು ಸಲ ಡಿಕ್ಕಿಯಲ್ಲಿ ಗೊಬ್ಬರದ ಮೂಟೆ. ವರ್ಷಕ್ಕೆ 5 ಸಾವಿರ ಕಿಲೋಮೀಟರ್ ಅಂತ ಹಿಡಿಯೋಣ. ಹಳೇದು ಲೀಟರಿಗೆ 14 ಕೊಟ್ಟು ಹೊಸದು 20 ಕೊಟ್ಟರೆ ಉಳಿಯುವುದು 107 ಲೀಟರ್. ಲೀಟರಿಗೆ 103 ರೂಪಾಯಿಯಂತೆ ವರ್ಷಕ್ಕೆ 11 ಸಾವಿರ. ಅದಕ್ಕಾಗಿ ಕಟ್ಟುವ ಕಂತು ವರ್ಷಕ್ಕೆ 98 ಸಾವಿರ.

ಹಳೇ ಕಾರಿನ ಖರ್ಚನ್ನು ನಾವು ಮುಚ್ಚಿಡುವುದಿಲ್ಲ. ಗ್ಯಾರೇಜಿಗೆ ವರ್ಷಕ್ಕೆ 25 ಸಾವಿರ ಅಂತಲೇ ಬರೆದುಕೊಳ್ಳಿ. ಕ್ಲಚ್ ಪ್ಲೇಟ್ ಒಂದು ವರ್ಷ, ಟೈರು ಒಂದು ವರ್ಷ, ಬ್ಯಾಟರಿ ಇನ್ನೊಂದು ವರ್ಷ. 2022ರಲ್ಲಿ ನಿಗದಿಯಾದ ದರದಂತೆ ಸಾವಿರ ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ 2,094 ರೂಪಾಯಿ, ತೆರಿಗೆ ಬೇರೆ. ನವೀಕರಣದ 5 ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದು ಸಾವಿರ. ಜಾಸ್ತಿ ಕುಡಿಯುವ ಪೆಟ್ರೋಲನ್ನೂ ಸೇರಿಸಿ. ಎಲ್ಲ ಕೂಡಿದರೂ 40 ಸಾವಿರ ಮುಟ್ಟುವುದು ಕಷ್ಟ. ಅದೂ ಗಾಡಿ ಕೆಟ್ಟಾಗ ಕೊಡುವ ದುಡ್ಡು. ಕೈಯಲ್ಲಿ ಇಲ್ಲದಿದ್ದರೆ ಕಾರನ್ನು ಒಂದು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಬಹುದು. ಕಂತನ್ನು ನಿಲ್ಲಿಸಲಾಗುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಸೆಸ್ಸೂ ಹೋಗಿದೆ. ನಿಜ. ಆದರೆ ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಜಾರುತ್ತದೆ. ಬೇಡದ ವಸ್ತು ಅಗ್ಗವಾದರೆ ಬೇಕಾಗುವುದೂ ಇಲ್ಲ.

ಇನ್ನು ಮರ್ಯಾದೆಯ ಮಾತು. ನೆಂಟರ ಮನೆ ಮದುವೆಗೆ ಹಳೇ ಮಾರುತಿಯಲ್ಲಿ ಇಳಿದರೆ ಛತ್ರದ ಬಾಗಿಲಲ್ಲಿ ನಿಂತವರು ನೋಡುವ ನೋಟ ಗೊತ್ತು. ಹುಡುಗನಿಗೆ ಹೆಣ್ಣು ಕೇಳಲು ಹೋದಾಗ 'ಯಾವ ಕಾರಿದೆ' ಅಂತ ಕೇಳುವುದೂ ಗೊತ್ತು. ಎಷ್ಟು ಸಾಲ ಇದೆ ಅಂತ ಯಾರೂ ಕೇಳುವುದಿಲ್ಲ, ಅದು ಗೊತ್ತಾಗುವುದು ಮದುವೆಯಾದ ಮೇಲೆ. ಆ ನೋಟಕ್ಕೆ ಏಳು ಲಕ್ಷ ಕೊಡುವಷ್ಟು ಬೆಲೆ ಇದೆ ಅಂತ ನಮಗನ್ನಿಸುವುದಿಲ್ಲ. ಅನ್ನಿಸುವವರು ಕೊಡಲಿ, ಆದರೆ 'ಕಾನೂನು ಹೀಗಿದೆ, ಏನ್ ಮಾಡೋದು' ಅನ್ನುವ ನೆಪ ಬೇಡ.

ಹಾಗಂತ ಎಲ್ಲ ಹಳೇ ಕಾರನ್ನೂ ಇಟ್ಟುಕೊಳ್ಳಿ ಅನ್ನುತ್ತಿಲ್ಲ. ನಮ್ಮ ವಾದ ಇಷ್ಟೇ: ಕ್ಯಾಲೆಂಡರ್ ನೋಡಬೇಡಿ, ಗಾಡಿಯ ಕೆಳಗೆ ಬಗ್ಗಿ ನೋಡಿ. ನಿಮಗೆ ಕಾರು ಮಾರುವ ಆಸೆ ಇಲ್ಲದ ಒಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಎತ್ತಿಸಿ. ಚಾಸಿಯೋ, ಸಸ್ಪೆನ್ಷನ್ ಕೂರುವ ಜಾಗವೋ ತುಕ್ಕು ತಿಂದು ಸ್ಕ್ರೂಡ್ರೈವರ್ ಒಳಗೆ ಹೋಗುತ್ತಿದೆ ಅಂದರೆ ಆ ಕಾರು ಮುಗಿಯಿತು. ಅದಕ್ಕೆ ವೆಲ್ಡಿಂಗ್ ಮಾಡಿಸಿ, ಪೇಂಟ್ ಬಳಿಸಿ ಮಕ್ಕಳನ್ನು ಕೂರಿಸಬೇಡಿ. ಮಲೆನಾಡು, ಕರಾವಳಿ ಕಡೆಯವರು ಇದನ್ನು ಇನ್ನೂ ಗಮನ ಇಟ್ಟು ನೋಡಬೇಕು, ಅಲ್ಲಿನ ಮಳೆ ಕಬ್ಬಿಣವನ್ನು ಬಿಡುವುದಿಲ್ಲ. ಇಂಜಿನ್ ಹೊಗೆ, ಸ್ಟಾರ್ಟಿಂಗ್ ತೊಂದರೆ ಎಲ್ಲ ದುಡ್ಡಿನ ವಿಷಯ. ತುಕ್ಕು ಮತ್ತು ಬ್ರೇಕು ಜೀವದ ವಿಷಯ.

ಜೀವದ ಮಾತು ಬಂದಾಗ ಹೊಸ ಕಾರಿನ ಪರವಾಗಿ ಇರುವ ಒಂದೇ ಗಟ್ಟಿ ವಾದವನ್ನೂ ಹೇಳಬೇಕು. 2019ರಿಂದ ಕಾರುಗಳಿಗೆ ಎಬಿಎಸ್ ಬ್ರೇಕೂ ಡ್ರೈವರ್ ಏರ್‌ಬ್ಯಾಗೂ ಕಡ್ಡಾಯವಾದವು, 2022ರಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಬಂತು. 2014ರಲ್ಲಿ ನಿಂತುಹೋದ ಮಾರುತಿ 800ರಲ್ಲಿ ಇದ್ಯಾವುದೂ ಇಲ್ಲ. ಊರು, ತೋಟ, ತಾಲ್ಲೂಕು ಕೇಂದ್ರ ಅಷ್ಟೇ ಓಡಾಟ ಇದ್ದವರ ಮಾತು ಬೇರೆ. ವಾರ ವಾರ ಮನೆಮಂದಿಯನ್ನು ಕೂರಿಸಿಕೊಂಡು ಹೈವೇಯಲ್ಲಿ ನೂರಾರು ಕಿಲೋಮೀಟರ್ ಹೋಗುವವರಾದರೆ ಕಾರು ಬದಲಾಯಿಸಿ ಅಂತ ನಾವೇ ಹೇಳುತ್ತೇವೆ. ಪೆಟ್ರೋಲಿನದೂ ಒಂದು ತಲೆನೋವಿದೆ. ಬಂಕಿನಲ್ಲಿ ಈಗ ಬರುತ್ತಿರುವುದು ನೂರಕ್ಕೆ 20 ಎಥನಾಲ್ ಬೆರೆಸಿದ್ದು. 2021ರ ನೀತಿ ಆಯೋಗದ ವರದಿಯೇ ಹಳೇ ಮಾದರಿಯ ಕಾರುಗಳಲ್ಲಿ ಮೈಲೇಜ್ ನೂರಕ್ಕೆ 6-7 ಕಡಿಮೆಯಾಗಬಹುದು ಅಂತ ಹೇಳಿತ್ತು. ಎಥನಾಲ್ ನೀರು ಎಳೆಯುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿಗೆ ಇದು ಒಳ್ಳೆಯದಲ್ಲ. ಆದರೆ ಪೈಪು, ಫಿಲ್ಟರ್ ಬದಲಾಯಿಸುವುದಕ್ಕೂ ಕಾರನ್ನೇ ಬದಲಾಯಿಸುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಬದಲಾಯಿಸಲೇಬೇಕಾದವರು ಶೋರೂಮಿಗೇ ಹೋಗಬೇಕಾಗಿಲ್ಲ. 2019ರ ನಂತರದ, ಏರ್‌ಬ್ಯಾಗ್ ಇರುವ, ಒಬ್ಬರೇ ಓಡಿಸಿದ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ನೋಡಿ. ಆಜೀವ ತೆರಿಗೆಯನ್ನು ಮೊದಲನೆಯವನೇ ಕಟ್ಟಿರುತ್ತಾನೆ, ಬೆಲೆ ಬೀಳುವ ಮೊದಲ ವರ್ಷಗಳ ಹೊಡೆತವನ್ನೂ ಅವನೇ ತಿಂದಿರುತ್ತಾನೆ. ಕೈಯಲ್ಲಿರುವ ದುಡ್ಡು, ಇನ್ನೊಂದು ಸ್ವಲ್ಪ ಸೇರಿಸಿದರೆ ಮುಗಿಯಬೇಕು. ಆರ್‌ಸಿಯಲ್ಲಿ ಹಳೇ ಸಾಲದ ನಮೂದು ಇದೆಯೇ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಇಲ್ಲದೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ಹೊರರಾಜ್ಯದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ, ಇಲ್ಲಿನ ತೆರಿಗೆ ಮತ್ತೆ ಕಟ್ಟಬೇಕು.

ಹಳೆಯದನ್ನು ಮಾರುವಾಗ ನಮ್ಮ ಜನ ಮಾಡುವ ಎಡವಟ್ಟು ಇದೆಲ್ಲಕ್ಕಿಂತ ದೊಡ್ಡದು. ದಲ್ಲಾಳಿ ತಂದ ಖಾಲಿ ಫಾರಂಗಳಿಗೆ ಸಹಿ ಹಾಕಿ, ದುಡ್ಡು ಎಣಿಸಿಕೊಂಡು, ಕೀ ಕೊಟ್ಟು ಮರೆತುಬಿಡುತ್ತಾರೆ. ಗಾಡಿ ಮೂರು ಕೈ ಬದಲಾದರೂ ಆರ್‌ಸಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಅದು ಎಲ್ಲೋ ಅಪಘಾತ ಮಾಡಿ, ವಿಮೆಯೂ ಇಲ್ಲದಿದ್ದರೆ ಪರಿಹಾರ ಕಟ್ಟಬೇಕಾದವರು ದಾಖಲೆಯಲ್ಲಿರುವ ಮಾಲೀಕರೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲೂ ಕಾರು ಹೀಗೇ ಕೈಯಿಂದ ಕೈಗೆ ದಾಟಿತ್ತು. 50 ಸಾವಿರಕ್ಕೆ ಕಾರು ಮಾರಿದವರು ಲಕ್ಷಗಟ್ಟಲೆ ಪರಿಹಾರಕ್ಕೆ ಜಮೀನು ಕಳೆದುಕೊಳ್ಳುವ ದಾರಿ ಇದು. ಫಾರಂ 29, 30 ತುಂಬಿ, ಹೆಸರು ಬದಲಾಗಿದ್ದನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಕಣ್ಣಾರೆ ನೋಡುವವರೆಗೆ ಮಾರಾಟ ಮುಗಿದಿಲ್ಲ. ಊರ ಗುಜರಿ ಅಂಗಡಿಗೆ ತೂಕಕ್ಕೆ ಹಾಕುವವರಿಗೂ ಇದೇ ಮಾತು. ಕಾರು ತುಂಡಾದರೂ ಆರ್‌ಸಿ ರದ್ದಾಗುವವರೆಗೆ ಆ ನಂಬರು ನಿಮ್ಮದೇ.

ಸರ್ಕಾರಕ್ಕೂ ಎರಡು ಮಾತು ಹೇಳಬೇಕು. 15 ವರ್ಷದ ಕಾರಿನ ನವೀಕರಣಕ್ಕೆ 600 ರೂಪಾಯಿ ಇದ್ದದ್ದನ್ನು 2022ರ ಏಪ್ರಿಲ್‌ನಲ್ಲಿ 5 ಸಾವಿರ ಮಾಡಿದರು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10 ಸಾವಿರ ಮಾಡಿದರು. ತಡವಾದರೆ ತಿಂಗಳಿಗೆ 500 ದಂಡ. ನಗರದಲ್ಲಿ ವರ್ಷಕ್ಕೆ 20 ಸಾವಿರ ಕಿಲೋಮೀಟರ್ ಓಡುವ ಕಾರೂ, ನಮ್ಮೂರಲ್ಲಿ ಹುಣಸೆಮರದ ಕೆಳಗೆ ನಿಂತಿರುವ ಕಾರೂ ಅವರ ಕಣ್ಣಿಗೆ ಒಂದೇ ವಯಸ್ಸು. ಹೊಗೆ ಅಳೆಯುವ ಯಂತ್ರ ಇದೆ, ಬ್ರೇಕ್ ನೋಡುವ ಇನ್‌ಸ್ಪೆಕ್ಟರ್ ಇದ್ದಾರೆ. ಗಾಡಿಯ ಸ್ಥಿತಿ ನೋಡಿ ಪಾಸು ಫೇಲು ಮಾಡಲಿ, ಒಪ್ಪುತ್ತೇವೆ. ವಯಸ್ಸಿಗೆ ದಂಡ ಹಾಕಿ ಶೋರೂಮಿನ ದಾರಿ ತೋರಿಸುವುದು ಪರಿಸರದ ಕಾಳಜಿ ಅಂತ ನಂಬಿಸಲು ಬರಬೇಡಿ. ರಾತ್ರಿ ಎಂಟರ ಮೇಲೆ ಬಸ್ಸಿಲ್ಲದ ಊರುಗಳಲ್ಲಿ ಆ ಹಳೇ ಓಮ್ನಿಯೇ ಹೆರಿಗೆ ನೋವಿಗೆ, ಹಾವು ಕಚ್ಚಿದವರಿಗೆ ಓಡುವ ಗಾಡಿ.

ಡಿಎಲ್ ಕೊಡಲು ತಾಲ್ಲೂಕುಗಳಲ್ಲಿ ಕ್ಯಾಂಪ್ ಮಾಡುವ ಸಾರಿಗೆ ಇಲಾಖೆ, ಹಳೇ ಗಾಡಿಗಳ ನವೀಕರಣಕ್ಕೂ ಅದೇ ಕ್ಯಾಂಪಿನಲ್ಲಿ ಒಂದು ದಿನ ಇಡಲಿ. ಅರ್ಜಿಯನ್ನು ಅವಧಿ ಮುಗಿಯುವ 60 ದಿನ ಮೊದಲೇ ಹಾಕಬಹುದು, ಫಾರಂ 25. ನಿಮ್ಮ ಆರ್‌ಸಿ ಯಾವ ತಿಂಗಳು ಮುಗಿಯುತ್ತದೆ ಅಂತ ಇವತ್ತೇ ತೆಗೆದು ನೋಡಿ. ಹತ್ತು ಹದಿನೈದು ಗಾಡಿ ಒಂದೇ ಊರಿನವು ಇದ್ದರೆ ಒಟ್ಟಿಗೆ ಅರ್ಜಿ ಬರೆದು ಕ್ಯಾಂಪ್ ಕೇಳಿ. ಅರ್ಜಿ ಬರೆಯಲು ಬೇಕಾದರೆ ನಾವು ಬರುತ್ತೇವೆ.