ಯಾನಕಾದ ಬೆಕ್ಕು, ಕಾಚಿಗುಡದ ಬೀಗ

ಕಳೆದ ವರ್ಷ ಆಫೀಸಿನ ಕೆಲಸಕ್ಕೆಂದು ಎರಡು ವಾರ ಟೋಕಿಯೋದಲ್ಲಿದ್ದೆ. ನಡುವೆ ಸಿಕ್ಕ ಒಂದೇ ಭಾನುವಾರವನ್ನು ಯಾನಕಾ ಎಂಬ ಹಳೇ ಬಡಾವಣೆಯಲ್ಲಿ ಕಳೆದೆ. ನಿಪ್ಪೋರಿ ಸ್ಟೇಷನ್ನಿನಿಂದ ನಡೆದು, ಸಂಜೆಗೆಂಪಿನ ಹೆಸರಿಟ್ಟುಕೊಂಡ ಮೆಟ್ಟಿಲುಗಳನ್ನಿಳಿದರೆ ಪುಟ್ಟ ಪುಟ್ಟ ಅಂಗಡಿಗಳ ಬೀದಿ. ಆಚೆ ಗುಡಿಗಳು, ಸ್ಮಶಾನ, ಗೋಡೆ ಮೇಲೆ ಮಲಗಿದ ಬೆಕ್ಕು. ಆ ಬೆಕ್ಕಿನದೇ ಹದಿನೇಳು ಫೋಟೋ ತೆಗೆದೆ. ‘ಇಲ್ಲಿ ಕಾಲ ನಿಂತಿದೆ’ ಅಂತ ಸ್ಟೇಟಸ್ ಹಾಕಿದೆ. ನಮ್ಮ ಕನ್ನಡ ಗ್ರೂಪಿನ ತುಂಬಾ ಹಾರ್ಟುಗಳು ಬಿದ್ದವು. ‘ನಮ್ಮ ಹೈದರಾಬಾದಲ್ಲಿ ಏನಿದೆ ಗುರೂ, ಬಿರಿಯಾನಿ ಬಿಟ್ರೆ ಟ್ರಾಫಿಕ್ಕು’ ಅಂತ ಒಬ್ಬರು ಬರೆದರು. ನಾನು ನಗುವ ಮುಖ ಒತ್ತಿ ಸುಮ್ಮನಾದೆ.

ಈ ಲೇಖನ ಆ ನಗುವ ಮುಖದ ವಿರುದ್ಧ. ಅಂದರೆ ಮೊದಲು ನನ್ನ ವಿರುದ್ಧ, ಆಮೇಲೆ ನಿಮ್ಮ ವಿರುದ್ಧ.

ಊರಿಂದ ಬರುವಾಗ ನಮ್ಮಲ್ಲಿ ಬಹಳಷ್ಟು ಜನ ಇಳಿಯುವುದು ಕಾಚಿಗುಡದಲ್ಲೇ. 2023ರ ಸೆಪ್ಟೆಂಬರಿನಿಂದ ಯಶವಂತಪುರದ ವಂದೇ ಭಾರತ್ ಕೂಡ ಅಲ್ಲಿಗೇ ಬರುತ್ತದೆ. ಇಳಿದವರು ಏನು ಮಾಡುತ್ತೇವೆ? ಕ್ಯಾಬಿನ ಓಟಿಪಿ ನೋಡುತ್ತೇವೆ. ತಲೆ ಎತ್ತಿದರೆ 1916ರಲ್ಲಿ ನಿಜಾಮರ ರೈಲ್ವೆ ಕಟ್ಟಿಸಿದ ಗುಮ್ಮಟಗಳ ಸ್ಟೇಷನ್ನು ಕಾಣುತ್ತದೆ. ಎತ್ತುವುದಿಲ್ಲ. ಒಂದು ಗಂಟೆಯಲ್ಲಿ ಗಚ್ಚಿಬೌಲಿ ಸೇರಿ ಗೇಟು ಹಾಕಿಕೊಂಡರೆ ಹೈದರಾಬಾದ್ ಮುಗಿಯಿತು. ವೀಕೆಂಡಿಗೆ ಗಂಡಿಪೇಟಕ್ಕೆ ಕಾರು ತಿರುಗಿಸುತ್ತೇವೆ, ನೀರಿನೆದುರು ಸೆಲ್ಫಿ ತೆಗೆದುಕೊಳ್ಳುತ್ತೇವೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಊರನ್ನೇ ಮುಳುಗಿಸಿದ ಮೇಲೆ, ಮತ್ತೆ ಹಾಗಾಗದಂತೆ ಏನು ಮಾಡಬೇಕೆಂದು ಕೇಳಲು ನಿಜಾಮ ಸರ್ಕಾರ ಕರೆಸಿದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಆ ಕೆರೆ, ಅಂದರೆ ಉಸ್ಮಾನ್ ಸಾಗರ, ಅವರ ಯೋಜನೆಯ ಫಲ. ಕೆ.ಆರ್.ಎಸ್. ಎದುರು ಕೈಮುಗಿಯುವ ನಾವು ಇಲ್ಲಿ ಚಿಪ್ಸ್ ಪ್ಯಾಕೆಟ್ ಬಿಸಾಡಿ ಬರುತ್ತೇವೆ.

ಆರು ವರ್ಷದಲ್ಲಿ ನಾನು ಬೇಕೆಂದೇ ಹಳೇ ಪೇಟೆಗೆ ಹೋಗಿದ್ದು ಒಂದೇ ಸಲ, ಟೋಕಿಯೋಗೆ ಹೋಗುವ ಮುಂಚಿನ ಸಂಕ್ರಾಂತಿ ರಜೆಯಲ್ಲಿ. ರಾಯದುರ್ಗದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದೆ. ಕೋಠಿಯ ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿ ಬ್ರಿಟಿಷ್ ರೆಸಿಡೆನ್ಸಿಯ ಎತ್ತರದ ಕಂಬಗಳು. ಸುತ್ತಲಿನ ಸುಲ್ತಾನ್ ಬಜಾರ್ ಒಂದು ಕಾಲಕ್ಕೆ ರೆಸಿಡೆನ್ಸಿ ಬಜಾರು. ಆಡಳಿತ ನಿಜಾಮನದಲ್ಲ, ಬ್ರಿಟಿಷರದು. ಹಾಗಾಗಿ ಸಭೆ, ಸಂಘ, ಓದುವ ಕೋಣೆ ಮಾಡಬೇಕೆಂದವರಿಗೆ ಇಲ್ಲಿ ಒಂದಿಷ್ಟು ಉಸಿರಾಡಲು ಜಾಗವಿತ್ತು. ತೆಲುಗರು 1901ರಲ್ಲಿ ಇಲ್ಲೇ ಒಂದು ಗ್ರಂಥಾಲಯ ತೆರೆದು ಅದಕ್ಕೆ ಶ್ರೀಕೃಷ್ಣದೇವರಾಯನ ಹೆಸರಿಟ್ಟರು. ಹಂಪಿ ನಮ್ಮದು ಅಂತ ಎದೆ ತಟ್ಟಿಕೊಳ್ಳುವ ನಮಗೆ ಇದು ಗೊತ್ತಿರಬೇಕಿತ್ತು.

ಅಲ್ಲಿಂದ ಬಡಿ ಚೌಡಿಯ ಗಲ್ಲಿಗಳು. ಪುಸ್ತಕದಂಗಡಿ, ಬಳೆಯಂಗಡಿ, ಇರಾನಿ ಚಾ. ಆಮೇಲೆ ಕಾಚಿಗುಡ. ಇಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಶಾಲೆಯಿದೆ. ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡ ಇಲ್ಲಿಂದ ವಾಡಿಗೆ ಹೋಗುವ ರೈಲು ಹಾದಿಯಲ್ಲೇ ಸಿಗುತ್ತದೆ. 1956ರ ನವೆಂಬರ್ 1ರ ತನಕ ಅದೂ ಹೈದರಾಬಾದ್ ರಾಜ್ಯದ್ದೇ. ಬೀದರ್, ಗುಲ್ಬರ್ಗಾ, ರಾಯಚೂರಿನವರಿಗೆ ಇದು ವಲಸೆ ಬಂದ ಊರಲ್ಲ, ರಾಜಧಾನಿ. ಕೋರ್ಟಿಗೆ, ಕಾಲೇಜಿಗೆ, ನೌಕರಿಗೆ ಬರುತ್ತಿದ್ದ ಊರು. ಇಲ್ಲಿ ಕನ್ನಡ ಮೊದಲು ಬಂದಿದ್ದು ಐಟಿ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡಲ್ಲ.

ಒಂದು ಗಲ್ಲಿಯಲ್ಲಿ ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತ ನಿಂತಿದ್ದೆ. ಕಟ್ಟೆ ಮೇಲೆ ಬಿಸಿಲು ಕಾಯಿಸುತ್ತಿದ್ದ ಹಿರಿಯರೊಬ್ಬರು ನಾನು ಫೋನಿಡುವುದನ್ನೇ ಕಾದು, ‘ಯಾವೂರು ತಮ್ಮಾ?’ ಅಂದರು. ಸಿಂಧನೂರು ಅಂದೆ. ‘ಇಲ್ಲಿ ಎಲ್ಲಿರ್ತಿ?’ ಗಚ್ಚಿಬೌಲಿ ಅಂದೆ. ‘ಅದೂ ಹೈದರಾಬಾದೇ ಏನು?’ ಅಂದರು. ಚಾ ತರಿಸಿದರು. ಅವರ ಅಪ್ಪ ಲಿಂಗಸುಗೂರು ಕಡೆಯಿಂದ ಬಂದು ಇಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಫೈಲೆಲ್ಲ ಉರ್ದುವಿನಲ್ಲಿ. ರಾಜ್ಯ ಒಡೆದಾಗ ಇವರಿಗೆ ಎಂಟು ವರ್ಷ. ಕಾಕಾನನ್ನು ಮೈಸೂರು ರಾಜ್ಯಕ್ಕೆ ಹಾಕಿದರು, ಅಪ್ಪ ಇಲ್ಲೇ ಉಳಿದರು. ಕಾಚಿಗುಡ ಸ್ಟೇಷನ್ನಿನಲ್ಲಿ ಕಾಕಾನ ಮನೆಯ ಬೀಸುವ ಕಲ್ಲನ್ನು ಗೂಡ್ಸಿಗೆ ಹಾಕುವಾಗ ಕಾಕು ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳಂತೆ. ‘ಕಲ್ಲು ಬೆಂಗಳೂರಾಗ ಸಿಗಂಗಿಲ್ಲೇನು ಅಂತ ನಮ್ಮಪ್ಪ ಬೈದ್ರು. ಆಕಿ ಬಿಡಲಿಲ್ಲ ನೋಡು.’ ಹೇಳುತ್ತ ಕನ್ನಡದಿಂದ ಉರ್ದುವಿಗೆ, ಉರ್ದುವಿನಿಂದ ತೆಲುಗಿಗೆ ದಾಟುತ್ತಿದ್ದರು, ಮತ್ತೆ ವಾಪಸು. ಎರಡು ಗಂಟೆ ಹೋಗಿದ್ದು ಗೊತ್ತಾಗಲಿಲ್ಲ. ಏಳುವಾಗ, ‘ಮತ್ತ ಬಾ. ಪರ್ಸೋಂಕಿ ಮಾತು ಇನ್ನೂ ಬಾಳ ಅದಾವ’ ಅಂದರು. ಹೈದರಾಬಾದಿನಲ್ಲಿ ಪರ್ಸೋಂ ಅಂದರೆ ಮೊನ್ನೆಯೂ ಹೌದು, ಐವತ್ತು ವರ್ಷದ ಹಿಂದೆಯೂ ಹೌದು.

ಬರುತ್ತೇನೆ ಅಂದೆ. ಫೋನ್ ನಂಬರ್ ತೆಗೆದುಕೊಳ್ಳಲಿಲ್ಲ. ರಿಲೀಸ್ ಬಂತು, ಅಪ್ರೈಸಲ್ ಬಂತು, ಟೋಕಿಯೋ ಬಂತು.

ಈಗ ಯಾನಕಾದ ಮಾತಿಗೆ ಬರುತ್ತೇನೆ. 1923ರ ಭೂಕಂಪ, 1945ರ ಬಾಂಬು ಎರಡರಲ್ಲೂ ಅದು ಬಹುಮಟ್ಟಿಗೆ ಉಳಿದುಕೊಂಡಿತು, ನಿಜ. ಆದರೆ ಆಮೇಲೆ ಬಂದ ರಿಯಲ್ ಎಸ್ಟೇಟಿನ ಎದುರು ತಾನಾಗಿಯೇ ಉಳಿಯಲಿಲ್ಲ. 1984ರಲ್ಲಿ ಮೋರಿ ಮಾಯುಮಿ ಮತ್ತು ಇನ್ನಿಬ್ಬರು ಹೆಂಗಸರು, ಸಣ್ಣ ಮಕ್ಕಳ ತಾಯಂದಿರು, ಸೇರಿ ಯಾನಕಾ, ನೆಜು, ಸೆಂದಾಗಿ ಎಂಬ ಮೂರು ಬಡಾವಣೆಗಳ ಹೆಸರಿನಲ್ಲೇ ಒಂದು ಪುಟ್ಟ ಪತ್ರಿಕೆ ಶುರು ಮಾಡಿದರು. ಮನೆಮನೆಗೆ ಹೋಗಿ ಮುದುಕರ ಮಾತು ಕೇಳಿದರು, ಬರೆದರು, ಅಂಗಡಿಗಳಲ್ಲಿಟ್ಟು ಮಾರಿದರು. 2009ರ ತನಕ ನಡೆಸಿದರು. ಇವತ್ತು ನಾವು ವಿಮಾನ ಹತ್ತಿ ಹೋಗಿ ‘ಆಹಾ, ಎಷ್ಟು ನಿಧಾನ’ ಅನ್ನುವ ಬಡಾವಣೆಯ ಹಿಂದೆ ಆ ಇಪ್ಪತ್ತೈದು ವರ್ಷಗಳ ಓಡಾಟವೂ ಇದೆ. ಅದನ್ನು ಓದಿದ್ದು ವಾಪಸು ಬರುವ ವಿಮಾನದಲ್ಲಿ. ಅಲ್ಲಿದ್ದಾಗ ಬೆಕ್ಕು ನೋಡುತ್ತಿದ್ದೆ.

ನಮಗೂ ಒಂದು ಪತ್ರಿಕೆ ಇದೆ. ಇದೇ. ಇದರ ಹಳೇ ಸಂಚಿಕೆ ತೆಗೆದು ನೋಡಿ: ಮಲೆನಾಡಿನ ಮಳೆ, ಅಜ್ಜಿಯ ಹಪ್ಪಳ, ಊರಿನ ತೇರು, ಮತ್ತೆ ಮಲೆನಾಡಿನ ಮಳೆ. ನಾನೂ ಎರಡು ತೇರು ಎಳೆದಿದ್ದೇನೆ. ನಾವು ನಿಂತಿರುವ ನೆಲದ ಬಗ್ಗೆ ಹೆಚ್ಚೆಂದರೆ ಬಾಡಿಗೆ ಜಾಸ್ತಿ ಅಂತ ಬರೆದಿದ್ದೇವೆ.

ನೀವು ಹೇಳುವುದು ಗೊತ್ತು. ಜಪಾನಿನಲ್ಲಿ ನಡೆಯಲು ಫುಟ್‌ಪಾತ್ ಇದೆ, ಇಲ್ಲಿ ಅದರ ಮೇಲೆ ಬೈಕು. ಒಪ್ಪಿದೆ. ಬಡಿ ಚೌಡಿಯಲ್ಲಿ ನನ್ನ ಕಾಲ ಮೇಲೆ ಒಂದು ತಳ್ಳುಗಾಡಿ ಹತ್ತಿತ್ತು. ಹಾರ್ನಿಗೆ ಕಿವಿ ತೂತಾಗುತ್ತದೆ, ಏಪ್ರಿಲ್ಲಿನಲ್ಲಾದರೆ ಹೋಗಲೇಬೇಡಿ. ಕಾಚಿಗುಡ ಶಾಂತವಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಾನಕಾದಲ್ಲಿ ಇಡೀ ದಿನ ಯಾರೂ ನನ್ನನ್ನು ಯಾವೂರು ಅಂತ ಕೇಳಲಿಲ್ಲ. ಕೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಭಾಷೆ ಬಾರದ ಕಡೆ ಒಂದು ದಿನ ಆರಾಮಾಗಿ ಅಲೆಯುವುದು ಸುಲಭ, ಯಾರಿಗೂ ಏನೂ ಕೊಡಬೇಕಾಗಿಲ್ಲ. ಭಾಷೆ ಬರುವ ಕಡೆ ಹೋದರೆ ಯಾರೋ ಕೂಡಿಸುತ್ತಾರೆ, ಚಾ ತರಿಸುತ್ತಾರೆ, ಮತ್ತೆ ಬಾ ಅನ್ನುತ್ತಾರೆ. ನಾವು ತಪ್ಪಿಸಿಕೊಳ್ಳುವುದು ಬಿಸಿಲಿನಿಂದಲ್ಲ, ಇದರಿಂದ.

ಜೂನಿನಲ್ಲಿ ಹೋದೆ. ಕಟ್ಟೆ ಖಾಲಿ, ಬಾಗಿಲಿಗೆ ಬೀಗ. ಎದುರು ಮನೆಯ ತೆಲುಗು ಅಮ್ಮ, ಮಗ ಪುಣೆಗೆ ಕರೆದುಕೊಂಡು ಹೋದ ಅಂದರು. ಮನೆ ಮಾರುತ್ತಾರಂತೆ. ನಂಬರ್ ಅವರ ಹತ್ತಿರವೂ ಇರಲಿಲ್ಲ. ಬೀಸುವ ಕಲ್ಲು ಬೆಂಗಳೂರಿನಲ್ಲಿ ಯಾವ ಬೀದಿಗೆ ಹೋಯಿತು, ಕಾಕು ಮತ್ತೆ ಯಾವತ್ತಾದರೂ ಹೈದರಾಬಾದಿಗೆ ಬಂದಳೇ, ನಾನು ಕೇಳಿರಲಿಲ್ಲ.

ರಾಜ್ಯ ಒಡೆದಾಗ ಎಂಟು ವರ್ಷವಿದ್ದವರಿಗೆ ಈಗ ಎಂಬತ್ತರ ಹತ್ತಿರ. ಕಾಚಿಗುಡ, ಬರ್ಕತ್‌ಪುರ, ನಾರಾಯಣಗೂಡದ ಮನೆಗಳಲ್ಲಿ ಅವರಿನ್ನೂ ಇದ್ದಾರೆ, ಎಷ್ಟು ದಿನವೋ. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಎಂಟಕ್ಕೆ ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಮೆಟ್ರೋದ ಕೆಳಗೆ ನಿಂತಿರುತ್ತೇನೆ. ಕ್ಯಾಮೆರಾ ಬೇಡ. ನೋಟ್‌ಬುಕ್ ತನ್ನಿ, ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ರೆಕಾರ್ಡ್ ಮಾಡಬೇಕು. ನಂಬರ್ ಬರೆದುಕೊಳ್ಳುವ ಕೆಲಸ ನನ್ನದು.