ಪಾಯಿಂಟಿನ ಆಸೆಯೂ ಬಡ್ಡಿಯ ಲೆಕ್ಕವೂ

ಅತ್ಯಧಿಕ ರಿವಾರ್ಡ್ ಪಾಯಿಂಟುಗಳನ್ನು ನೀಡುವ ಕ್ರೆಡಿಟ್ ಕಾರ್ಡೇ ಬಳಕೆದಾರನಲ್ಲಿ ಋಣಶಿಸ್ತನ್ನು ತಾನಾಗಿ ಬೆಳೆಸುವುದೆಂದು ಕಳೆದ ಸಂಚಿಕೆಯ ಲೇಖಕರು ಪ್ರತಿಪಾದಿಸಿರುವುದನ್ನು ನಾನು ಒಪ್ಪಲಾರೆನು. ವೆಚ್ಚಮಾಡಿದಷ್ಟೂ ಫಲವೀಯುವ ವ್ಯವಸ್ಥೆಯು ವೆಚ್ಚವನ್ನು ಕಲಿಸೀತೇ ಹೊರತು ಮಿತವ್ಯಯವನ್ನು ಕಲಿಸಲಾರದು.

ಮೊನ್ನೆ ನನ್ನ ಸೋದರಳಿಯನು ತಂದು ತೋರಿಸಿದ ಬಿಲ್ಲಿನಲ್ಲಿ, 20,000 ರೂಪಾಯಿಯ ಖರೀದಿಗೆ ಶೇಕಡಾ 1ರಂತೆ 200 ರೂಪಾಯಿ ಬೆಲೆಯ ಪಾಯಿಂಟುಗಳು ಜಮೆಯಾಗಿದ್ದವು. ಆದರೆ ಹಿಂದಿನ ಬಾಕಿಯನ್ನು ಪೂರ್ಣವಾಗಿ ತೀರಿಸದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದ್ದುದರಿಂದ ಬಡ್ಡಿರಹಿತ ಅವಧಿಯೇ ರದ್ದಾಗಿ, ಕೊಂಡ ದಿನದಿಂದಲೇ ತಿಂಗಳಿಗೆ ಶೇಕಡಾ 3.5ರಂತೆ 700 ರೂಪಾಯಿ ಬಡ್ಡಿಯೂ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿಯೆಂದು 126 ರೂಪಾಯಿಯೂ ಆ ಒಂದು ಖರೀದಿಗೇ ಸೇರಿಕೊಂಡಿದ್ದವು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲವು ವರ್ಷಗಟ್ಟಲೆ ಎಳೆದೀತೆಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿರುವುದು ನಿಷ್ಕಾರಣವಲ್ಲ. ಆ ಹುಡುಗನು ಅದನ್ನು ಓದಿಯೇ ಇರಲಿಲ್ಲ, ಅವನ ಕಣ್ಣು ಪಾಯಿಂಟುಗಳ ಸಾಲಿನಲ್ಲಿಯೇ ನಿಂತಿದ್ದಿತು.

ಆದುದರಿಂದ ಕಾರ್ಡನ್ನು ಆರಿಸುವವರು ಪಾಯಿಂಟಿನ ಪಟ್ಟಿಗಿಂತ ಮೊದಲು ವಾರ್ಷಿಕ ಶುಲ್ಕವನ್ನೂ ಬಡ್ಡಿಯ ದರವನ್ನೂ ಪರಿಶೀಲಿಸಿ, ಪೂರ್ತಿ ಬಾಕಿಯು ಉಳಿತಾಯ ಖಾತೆಯಿಂದ ತಿಂಗಳು ತಿಂಗಳೂ ತಾನಾಗಿ ಸಂದಾಯವಾಗುವಂತೆ ಏರ್ಪಡಿಸಿಕೊಳ್ಳಲಿ. ಹಾಗೆ ಮಾಡಲಾರದವರಿಗೆ ಯಾವ ರಿವಾರ್ಡ್ ಕಾರ್ಡೂ ತಕ್ಕುದಲ್ಲವೆಂದು ಲೇಖಕರು ಒಂದು ಸಾಲಿನಲ್ಲಾದರೂ ಬರೆಯಬೇಕಾಗಿದ್ದಿತು.