ಫಾಂಟ್ ಹಾಕಿಕೊಳ್ಳಿ ಸಾರ್!

ಕಳೆದ ಮಾಗಿಯಲ್ಲಿ ನನಗೊಂದು ಮಿಂಚಂಚೆ ಬಂದಿತು. ಕಳಿಸಿದಾಕೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಮಗಳು. "ಮೇಷ್ಟ್ರೇ, ಅಪ್ಪ ಹೋಬಳಿ ಸುತ್ತಿ ಕೂಡಿಸಿದ್ದ ಪದಗಳ ಕಡತ ಹಳೆಯ ಸಿ.ಡಿ.ಯೊಂದರಲ್ಲಿ ಸಿಕ್ಕಿತು. ತೆರೆದರೆ ನನಗೆ ಒಂದಕ್ಷರವೂ ತಿಳಿಯುತ್ತಿಲ್ಲ. ನೀವಾದರೂ ನೋಡಿ" ಎಂದು ಬರೆದಿದ್ದಳು.

ಅವರ ಹೆಸರು ಹೇಳದಿದ್ದರೂ ನಿಮ್ಮಲ್ಲಿ ಅನೇಕರಿಗೆ ಗುರುತು ಹತ್ತುತ್ತದೆ. ಛಂದಸ್ಸಿನ ಪಾಠ ಮಾಡುವಾಗ ಮೇಜಿನ ಮೇಲೆ ಬೆರಳಿನಿಂದ ಗಣ ಬಡಿಯುತ್ತಿದ್ದವರು ಅವರು. ಶನಿವಾರ ಬೆಳಗಿನ ಶಾಲೆ ಮುಗಿದೊಡನೆ ಸೈಕಲ್ಲು ಹತ್ತಿ ದಂಡಿಗನಹಳ್ಳಿ ಹೋಬಳಿಯ ಒಂದಲ್ಲ ಒಂದು ಊರಿಗೆ ಹೋಗುವರು. ಜಗಲಿಯ ಮೇಲಿನ ಮುದುಕರನ್ನು ಮಾತಿಗೆಳೆದು ಬೇಸಾಯದ ಮಾತುಗಳನ್ನು ಬರೆದುಕೊಳ್ಳುವರು. ನೇಗಿಲಿನ ಮೇಣಿ, ಕಪಿಲೆಯ ಮಿಣಿ, ರಾಗಿ ತುಂಬುವ ಹಗೇವು, ಕೊಳಗ, ಕಂಡುಗ, ತೆಂಗಿನ ಹೊಂಬಾಳೆಯಿಂದ ಕೊಬ್ಬರಿಯವರೆಗಿನ ಒಂದೊಂದು ಅವಸ್ಥೆಯ ಹೆಸರು. ಹದಿನೈದು ವರ್ಷಗಳ ದುಡಿಮೆ ಅದು. ಕಪಿಲೆ ಹೋಗಿ ಪಂಪ್‌ಸೆಟ್ಟು ಬಂದ ಮೇಲೆ ಮಿಣಿ ಎಂಬ ಮಾತು ಯಾರಿಗೆ ಬೇಕು ಎಂದು ನಾವು ಕಿರಿಯರು ನಗುತ್ತಿದ್ದೆವು. ಬೇಡವಾಗುತ್ತದೆಂದೇ ಬರೆಯುತ್ತಿದ್ದೇನೆ ಎನ್ನುತ್ತಿದ್ದರು ಅವರು.

2003ರಲ್ಲಿ ಪಟ್ಟಣದ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಕೈಯಿಂದ ಹಣ ಕೊಟ್ಟು ಅದನ್ನೆಲ್ಲ ಬೆರಳಚ್ಚು ಮಾಡಿಸಿದರು. ಅಚ್ಚಿಗೆ ಹೋಗಲಿಲ್ಲ, ಪ್ರಕಾಶಕರು ಸಿಗಲಿಲ್ಲ. ನೋಟುಪುಸ್ತಕಗಳನ್ನು ಗೆದ್ದಲು ತಿಂದಿತು. ಅಂಗಡಿ ಮುಚ್ಚಿತು. ಅವರೂ ತೀರಿಕೊಂಡರು. ಉಳಿದದ್ದು ಆ ಸಿ.ಡಿ.

ಕಡತ ತೆರೆದೆ. ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರಗಳು, ಬ್ರಿಟಿಷರ ಪೌಂಡ್ ಚಿಹ್ನೆ, ಅರ್ಧ ಮುಕ್ಕಾಲು ಎಂಬ ಭಿನ್ನರಾಶಿಗಳು, ನಡುನಡುವೆ ಪ್ರಶ್ನೆಚಿಹ್ನೆಗಳ ಸಾಲು. ಡಿ.ಟಿ.ಪಿ. ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. "ಅಷ್ಟೇನಾ, ಫಾಂಟ್ ಹಾಕಿಕೊಳ್ಳಿ ಸಾರ್, ಸರಿಹೋಗುತ್ತೆ" ಎಂದ. "ಯಾವ ಫಾಂಟಪ್ಪ?" ಎಂದೆ. "ಅದು ಮಾಡಿದವರಿಗೇ ಗೊತ್ತಿರಬೇಕು ಸಾರ್."

ಫಾಂಟ್ ಹಾಕಿಕೊಳ್ಳಿ ಎಂಬ ಈ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಈಗ ಅದರ ವಿರುದ್ಧ ಬರೆಯಬೇಕೆನಿಸಿದೆ. ನಿಮ್ಮಲ್ಲಿ ಗುಮಾಸ್ತರಿದ್ದೀರಿ, ಉಪಾಧ್ಯಾಯರಿದ್ದೀರಿ, ಅಚ್ಚುಕೂಟದವರಿದ್ದೀರಿ, ಸಂಘಗಳ ಕಾರ್ಯದರ್ಶಿಗಳಿದ್ದೀರಿ. ಬೈಗುಳ ನಿಮ್ಮನ್ನೇ ಉದ್ದೇಶಿಸಿದ್ದು, ಪಕ್ಕದವರನ್ನು ನೋಡಬೇಡಿ.

ಮೊದಲಿಗೆ ಆ ಕಡತದೊಳಗೆ ನಿಜವಾಗಿ ಏನಿರುತ್ತದೆಂದು ತಿಳಿಯಿರಿ. ಹಳೆಯ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಇದ್ದದ್ದು 256 ಮನೆಗಳು. ಮೊದಲ 128ರಲ್ಲಿ ಇಂಗ್ಲಿಷ್, ಉಳಿದವುಗಳಲ್ಲಿ ಯೂರೋಪಿನ ಇತರ ಭಾಷೆಗಳ ಅಕ್ಷರಗಳು. ಕನ್ನಡಕ್ಕೆ ಮನೆಯೇ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಹೂಡಿದರು. ಇಂಗ್ಲಿಷಿನ ಅಕ್ಷರಗಳ ಚಿತ್ರಗಳನ್ನು ಕಿತ್ತುಹಾಕಿ ಆ ಜಾಗದಲ್ಲಿ ಕನ್ನಡದ ಅವಯವಗಳನ್ನು ಕೂರಿಸಿದರು. ತಲೆಕಟ್ಟು ಒಂದು ಕಡೆ, ಒತ್ತಕ್ಷರ ಒಂದು ಕಡೆ, ತಲೆಕಟ್ಟಿಲ್ಲದ ಬೋಳು 'ಕ' ಇನ್ನೊಂದು ಕಡೆ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ 'ಕನ್ನಡ' ಎಂದು ಬರೆದರೆ ಕಡತದಲ್ಲಿ ಉಳಿಯುವುದು ಏಳು ಚಿಹ್ನೆಗಳು: ಒಂದು 'ಪಿ', ಓರೆಗೆರೆ ಹೊತ್ತ 'ಎ', ಪೌಂಡ್, ಮತ್ತೆ ಅದೇ 'ಎ', ಜರ್ಮನರ ಜೋಡಿ 'ಎಸ್', ಒಂದು 'ಕ್ಯೂ', ಮತ್ತೊಮ್ಮೆ 'ಎ'. ಆ ಮೂರು 'ಎ'ಗಳೇ ನಮ್ಮ ತಲೆಕಟ್ಟುಗಳು. ಅಂದರೆ ಆ ಕಡತದಲ್ಲಿ ಕನ್ನಡವಿಲ್ಲ. ಫಾಂಟ್ ಎಂಬುದು ಬಯಲಾಟದ ವೇಷ. ವೇಷ ಕಳಚಿದರೆ ಒಳಗಿರುವವನು ಭೀಮನಲ್ಲ. ವೇಷಗಳಾದರೂ ಒಂದೇ ಬಗೆಯವೇ? ಒಂದೊಂದು ಕಂಪನಿ ಒಂದೊಂದು ಬಗೆಯಾಗಿ ಅವಯವಗಳನ್ನು ಜೋಡಿಸಿತು. ಒಬ್ಬರ ವೇಷ ಇನ್ನೊಬ್ಬರ ಮೈಗೆ ಹಿಡಿಯುವುದಿಲ್ಲ.

ಇದನ್ನು ಮಾಡಿದವರನ್ನು ನಾನು ದೂರುತ್ತಿಲ್ಲ. ಅವರಿಗೆ ನಮಸ್ಕಾರ ಸಲ್ಲಬೇಕು. ಕೆ.ಪಿ. ರಾಯರು ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವ ಕೀಲಿಮಣೆ ರೂಪಿಸಿ, ತಾವು ಮಾಡಿದ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಹಂಚಿದರು. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ'ವನ್ನು ಹೊರತಂದು ಸಾವಿರಾರು ಮನೆಗಳಲ್ಲಿ ಕನ್ನಡ ಮೂಡುವಂತೆ ಮಾಡಿದರು. ಕನ್ನಡ ಗಣಕ ಪರಿಷತ್ತಿನವರು 'ನುಡಿ'ಯನ್ನು ಸರ್ಕಾರಿ ಕಚೇರಿಗಳಿಗೆ ತಲುಪಿಸಿದರು. ಬೇರೆ ದಾರಿಯಿಲ್ಲದ ಕಾಲದಲ್ಲಿ ಅವರೆಲ್ಲ ದಾರಿ ಮಾಡಿಕೊಟ್ಟರು. ನನ್ನ ತಕರಾರು ಇರುವುದು, ಹೆದ್ದಾರಿಯಾದ ಮೇಲೂ ಹಳ್ಳದೊಳಗೇ ಗಾಡಿ ಹೊಡೆಯುವವರ ಮೇಲೆ.

ಹೆದ್ದಾರಿ ಆದದ್ದೇನೂ ಮೊನ್ನೆಯಲ್ಲ. ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಪ್ರತ್ಯೇಕ ಕೇರಿಯನ್ನು ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಫಾಂಟಿನೊಂದಿಗೇ ಬಂದಿತು. ಬರಹವೂ ನುಡಿಯೂ ಯೂನಿಕೋಡಿನಲ್ಲಿ ಬರೆಯುವ ಅವಕಾಶ ಮಾಡಿಕೊಟ್ಟವು. 2012ರಲ್ಲಿ ರಾಜ್ಯ ಸರ್ಕಾರವೇ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿತು. ಈಗ ನಿಮ್ಮ ಜೇಬಿನ ಮೊಬೈಲಿನಲ್ಲಿ ಮೊಮ್ಮಕ್ಕಳಿಗೆ ಹುಟ್ಟುಹಬ್ಬದ ಹಾರೈಕೆ ಬರೆಯುತ್ತೀರಲ್ಲ, ಅದು ಯೂನಿಕೋಡ್. ಹಾರೈಕೆ ಯೂನಿಕೋಡಿನಲ್ಲಿ, ಇತಿಹಾಸ ಮಾತ್ರ ಪೌಂಡ್ ಚಿಹ್ನೆಯಲ್ಲಿ! ಇದೆಂಥ ವಿವೇಕ?

ಎರಡು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಗೆ ನನ್ನಿಂದ ಲೇಖನ ಕೇಳಿದರು. ಕಳಿಸಿದೆ. "ಯೂನಿಕೋಡ್ ನಡೆಯೋದಿಲ್ಲ ಸಾರ್, ನುಡಿಯಲ್ಲಿ ಕಳಿಸಿ" ಎಂದರು. ನಾನು ಒಪ್ಪಲಿಲ್ಲ. ಅವರೇ ಪರಿವರ್ತಿಸಿಕೊಂಡರು, ಅಚ್ಚಿನವರು ಇನ್ನೊಮ್ಮೆ ಪರಿವರ್ತಿಸಿದರು. ಸಂಚಿಕೆ ಕೈಗೆ ಬಂದಾಗ ನೋಡುತ್ತೇನೆ, ನನ್ನ ಹೆಸರಿನ ಕೆಳಗಿನ ಲೇಖನದಲ್ಲಿ ಹನ್ನೊಂದು ಕಡೆ 'ಕನಾರ್ಟಕ' ಎಂದಿದೆ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವನಿಗೆ ಸಿಕ್ಕ ಪಾರಿತೋಷಕ! ಕಾರಣ ಸರಳ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ 'ನಾ' ಆದ ಮೇಲೆ ಇಡುತ್ತಾರೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರೇಫ ಮೊದಲು ಬರಬೇಕು. ಪರಿವರ್ತಕಕ್ಕೆ ಈ ಸ್ಥಾನಪಲ್ಲಟ ತಿಳಿಯದಿದ್ದರೆ ನಾಡಿನ ಹೆಸರೇ ಕೆಡುತ್ತದೆ. ಅಂತರ್ಜಾಲದಲ್ಲಿ 'ಕನಾರ್ಟಕ' ಎಂದು ಹುಡುಕಿ ನೋಡಿ. ಎಷ್ಟು ಪುಟಗಳಲ್ಲಿ ನಾಡು ಹೀಗೆ ಮುರಿದು ಬಿದ್ದಿದೆ ಎಂಬುದು ತಿಳಿಯುತ್ತದೆ.

ಪೇಜ್‌ಮೇಕರಿನಲ್ಲಿ ಯೂನಿಕೋಡ್ ಕೂರುವುದಿಲ್ಲ ಎಂಬುದು ಅಚ್ಚಿನವರ ಹಳೆಯ ವಾದ. ನಿಜ, ಕೂರುವುದಿಲ್ಲ. ಆದರೆ ಆ ಪೇಜ್‌ಮೇಕರಿನ ಕಡೆಯ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ಹೊರತಂದ ಅಡೋಬಿಯವರೇ ಅದನ್ನು ಕೈಬಿಟ್ಟು ಇನ್‌ಡಿಸೈನ್ ಕಡೆಗೆ ಹೋದರು. ಅದರ 2012ರ ಆವೃತ್ತಿಯಿಂದಲೇ ಭಾರತೀಯ ಲಿಪಿಗಳು ಸರಿಯಾಗಿ ಮೂಡುತ್ತಿವೆ. ಹಣ ಕೊಡಲಾಗದವರಿಗೆ ಲಿಬ್ರೆ ಆಫೀಸ್ ಉಚಿತವಾಗಿಯೇ ಇದೆ. ಚೆಂದದ ಫಾಂಟುಗಳಿಲ್ಲ ಎಂಬ ದೂರಿನಲ್ಲಿ ಒಂದು ಕಾಲಕ್ಕೆ ಸತ್ಯವಿತ್ತು, ಒಪ್ಪುತ್ತೇನೆ. ಈಗಿಲ್ಲ. ಇನ್ನು "ನನಗೆ ನುಡಿ ಕೀಲಿಮಣೆಯೇ ಅಭ್ಯಾಸ ಸಾರ್" ಎನ್ನುವವರಿಗೆ ಏನು ಹೇಳಲಿ? ಅದೇ ಕೀಲಿಮಣೆಯಲ್ಲಿ, ಅದೇ ಬೆರಳುಗಳಿಂದ, ಅದೇ ವೇಗದಲ್ಲಿ ಯೂನಿಕೋಡಿನಲ್ಲಿ ಬರೆಯಬಹುದು. ಬದಲಾಯಿಸಬೇಕಾದದ್ದು ಒಂದು ಆಯ್ಕೆಯನ್ನು ಮಾತ್ರ.

ಪಿ.ಡಿ.ಎಫ್. ಮಾಡಿ ಕಳಿಸಿದರೆ ಸಾಕಲ್ಲ ಎನ್ನುವವರೂ ಇದ್ದಾರೆ. ಅದರಲ್ಲಿ ಫಾಂಟ್ ಅಡಕವಾಗಿರುವುದರಿಂದ ಕಣ್ಣಿಗೇನೋ ಕನ್ನಡ ಕಾಣುತ್ತದೆ. ಆದರೆ ಇನ್ನೂರು ಪುಟಗಳ ಕಡತದಲ್ಲಿ 'ಹಗೇವು' ಎಂದು ಹುಡುಕಿದರೆ ಇಲ್ಲವೆನ್ನುತ್ತದೆ. ಅದೇನು ಸುಳ್ಳಲ್ಲ, ಅಲ್ಲಿ ನಿಜವಾಗಿಯೂ ಹಗೇವು ಇಲ್ಲ, ಹಗೇವಿನ ಚಿತ್ರವಿದೆ. ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಒಂದು ಸಾಲನ್ನು ಎತ್ತಿ ಬರೆದುಕೊಳ್ಳಲು ಬರುವುದಿಲ್ಲ.

ಇದಕ್ಕಿಂತ ನನ್ನನ್ನು ಕಲಕಿದ್ದು ಬೇರೆಯೇ ಒಂದು ಮಾತು. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಕಣ್ಣು ಕಾಣದು. ಈಗ ಆಕೆಯೂ ಶಿಕ್ಷಕಿ. ಕಂಪ್ಯೂಟರಿನಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕೆಲಸ ಮಾಡುತ್ತಾಳೆ. ಯೂನಿಕೋಡ್ ಕನ್ನಡವನ್ನು ಅದು ಓದುತ್ತದೆ. "ಸಾರ್, ನನಗೆ ಬರುವ ಸುತ್ತೋಲೆಗಳು ಎಷ್ಟೋ ಸಲ ಹಳೆಯ ಫಾಂಟಿನಲ್ಲಿರುತ್ತವೆ. ಕಿವಿಗೆ ಏನೇನೋ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ಯಾರಾದರೂ ಬಂದು ಓದಿ ಹೇಳುವವರೆಗೆ ಕಾಯುತ್ತೇನೆ" ಎಂದಳು. ಫಾಂಟ್ ಹಾಕಿಕೊಳ್ಳಿ ಎನ್ನುವವರು ಆಕೆಗೆ ಏನು ಹೇಳುತ್ತಾರೆ? ಆಕೆ ಫಾಂಟನ್ನು ಎಲ್ಲಿ ಹಾಕಿಕೊಳ್ಳಬೇಕು?

ನಾನೂ ಶುದ್ಧನಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2009ರವರೆಗೆ ನನ್ನ ಪ್ರಶ್ನೆಪತ್ರಿಕೆಗಳು, ಶಾಲಾ ವಾರ್ಷಿಕೋತ್ಸವದ ವರದಿಗಳು ಎಲ್ಲವೂ ಹಳೆಯ ಪದ್ಧತಿಯಲ್ಲಿಯೇ ಇದ್ದವು. ಅವುಗಳಲ್ಲಿ ಹೆಚ್ಚಿನವು ಈಗ ನನಗೇ ತೆರೆಯುವುದಿಲ್ಲ. ಪ್ರಶ್ನೆಪತ್ರಿಕೆ ಹೋದರೆ ನಿಮಗಂತೂ ದುಃಖವಾಗದು, ಇರಲಿ.

ಮತ್ತೆ ಆ ಪದಗಳ ಕಡತಕ್ಕೆ ಬರುತ್ತೇನೆ. ಸಿಕ್ಕ ಪರಿವರ್ತಕಗಳನ್ನೆಲ್ಲ ಪ್ರಯೋಗಿಸಿದೆ, ಯಾವುದೂ ಹೊಂದಲಿಲ್ಲ. ಅವರು ಬಳಸಿದ್ದು ಯಾವುದೋ ಖಾಸಗಿ ತಂತ್ರಾಂಶ. ಕಡೆಗೆ ಶಾಸನ ಓದುವವರ ದಾರಿ ಹಿಡಿದೆ. ರೈಸ್ ಸಾಹೇಬರು ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿವೆ. ನೂರಾರು ವರ್ಷ ಬಿಸಿಲು ಮಳೆಗೆ ಸವೆದ ಕಲ್ಲುಗಳು ಅವರಿಗೆ ಓದಲು ಸಿಕ್ಕವು. ನನಗೆ ಇಪ್ಪತ್ತೆರಡು ವರ್ಷದ ಕಡತ ಸಿಗುತ್ತಿಲ್ಲ! ನಾಚಿಕೆಯೂ ಆಯಿತು, ಹಟವೂ ಹುಟ್ಟಿತು.

ಪ್ರತಿ ಪುಟದ ನೆತ್ತಿಯಲ್ಲಿ ಒಂದೇ ಸಾಲು ಮರುಕಳಿಸುತ್ತಿತ್ತು. ಅದು 'ದಂಡಿಗನಹಳ್ಳಿ ಹೋಬಳಿ' ಎಂದೇ ಇರಬೇಕೆಂದು ಊಹಿಸಿದೆ. ಮೊದಲ ಪದದಲ್ಲಿ ಒಂದೇ ಚಿಹ್ನೆ ನಾಲ್ಕು ಬಾರಿ ಬಂದಿತ್ತು. ದ, ಗ, ನ, ಹ, ಈ ನಾಲ್ಕಕ್ಕೂ ತಲೆಕಟ್ಟು ಬೇಕಲ್ಲವೆ? ತಲೆಕಟ್ಟು ಸಿಕ್ಕಿತು. ಎರಡೂ ಪದಗಳ ಕೊನೆಯ ಭಾಗದಲ್ಲಿ ಬರುತ್ತಿದ್ದ ಒಂದೇ ಚಿಹ್ನೆ 'ಳಿ', ಮೊದಲನೆಯದರಲ್ಲಿ ಅದರ ಬೆನ್ನಿಗಿದ್ದದ್ದು ಒತ್ತು. ಹೀಗೆ ಊರಿನ ಹೆಸರೇ ಕೀಲಿಕೈಯಾಯಿತು. ರಾತ್ರಿ ಊಟವಾದ ಮೇಲೆ ಒಂದೊಂದು ಪುಟದಂತೆ ಕುಳಿತೆ. ಮನೆಯಾಕೆ ಮೊದಲು ಬೈದಳು. ಆಮೇಲೆ ಕನ್ನಡಕ ಹಾಕಿಕೊಂಡು ತಾನೂ ಕುಳಿತಳು. ಅವಳ ತೌರಿನ ಮಾತುಗಳು ಅದರಲ್ಲಿ ಬಹಳ ಇದ್ದವು, ನಾನು ತಡವರಿಸಿದಲ್ಲಿ ಅವಳು ಥಟ್ಟನೆ ಹೇಳಿಬಿಡುತ್ತಿದ್ದಳು. ಮೂರು ತಿಂಗಳು ಹಿಡಿಯಿತು. ಸಾವಿರಕ್ಕೂ ಮೀರಿದ ಪದಗಳು ಯೂನಿಕೋಡಿಗೆ ಬಂದಿವೆ. ಅವರ ಮಗಳಿಗೆ ಕಳಿಸಿದ ದಿನ ಆಕೆ ಫೋನಿನಲ್ಲಿ ಮಾತನಾಡಲಾರದೆ ಇಟ್ಟುಬಿಟ್ಟಳು.

ಎಲ್ಲವೂ ಬಂದಿಲ್ಲ. ಹಿಂದೆ ಯಾವಾಗಲೋ ಯಾರೋ ಆ ಕಡತವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ಉಳಿಸಿದ್ದಾರೆ. ಆಗ ಕೆಲವು ಒತ್ತಕ್ಷರಗಳ ಚಿಹ್ನೆಗಳೆಲ್ಲ ಪ್ರಶ್ನೆಚಿಹ್ನೆಗಳಾಗಿ ಹೋಗಿವೆ. ಅಂಥವನ್ನು ಯಾವ ಫಾಂಟೂ, ಯಾವ ಪರಿವರ್ತಕವೂ ಮರಳಿ ತರಲಾರದು. ಅರ್ಥದ ಅಂಕಣ ನೋಡಿ ಹಲವನ್ನು ಊಹಿಸಿದೆವು. 'ಅಳತೆ' ಎಂದಿದ್ದ ಕಡೆ ಬ, ಳ, ಪ್ರಶ್ನೆಚಿಹ್ನೆ ಇದ್ದರೆ ಅದು ಬಳ್ಳವೇ ತಾನೆ. ಸುಮಾರು ನಲವತ್ತು ಪದಗಳು ಮಾತ್ರ ನಮ್ಮಿಬ್ಬರಿಗೂ ಬಗ್ಗಲಿಲ್ಲ. ಅವುಗಳಲ್ಲಿ ಒಂದು ಇದು: ಮೊದಲಕ್ಷರ 'ಗ', ಎರಡನೆಯದು 'ಡ', ಅದರಡಿ ಕಾಣೆಯಾದ ಯಾವುದೋ ಒತ್ತು. ಅರ್ಥ, 'ಕಪಿಲೆ ಬಾವಿಯಲ್ಲಿ ಗಾಲಿಯನ್ನು ಹೊತ್ತ ಪಕ್ಕದ ಕಂಬ'.

ನಿಮ್ಮ ಮನೆಯಲ್ಲಿ ಕಪಿಲೆ ಹೊಡೆದ ತಾತನೋ ದೊಡ್ಡಪ್ಪನೋ ಇನ್ನೂ ಇದ್ದರೆ ಆ ಕಂಬಕ್ಕೆ ಏನೆನ್ನುತ್ತಿದ್ದರೆಂದು ಕೇಳಿ, ನನಗೆ ಬರೆದು ಕಳಿಸಿ. ಉಳಿದ ಪದಗಳ ಪಟ್ಟಿಯನ್ನೂ ಬೇಕೆಂದವರಿಗೆ ಕಳಿಸುತ್ತೇನೆ. ಯೂನಿಕೋಡಿನಲ್ಲಿ ಬರೆಯಲಾಗದಿದ್ದರೆ ಅಂಚೆ ಕಾರ್ಡಿನಲ್ಲಿ ಬರೆಯಿರಿ, ನಾನು ಓದಿಕೊಳ್ಳುತ್ತೇನೆ.